ಅಗ್ಗಿಷ್ಟಿಕೆಯೊಳಗಿನ ಪಾತ್ರ

ಬದಲಿ ನಟಿಯ ಕೆಲಸವೆಂದರೆ ಕಾಯುವುದು ಎಂದು ಜನ ತಿಳಿದಿದ್ದಾರೆ. ಕಾಯುವವರು ಒಂದು ಕಡೆ ಕೂತಾದರೂ ಇರುತ್ತಾರೆ. ನನಗೆ ಆ ಭಾಗ್ಯವೂ ಇರಲಿಲ್ಲ. ಪರದೆ ಏಳುವ ಅರ್ಧ ಗಂಟೆ ಮೊದಲು ಥಿಯೇಟರಿನ ಹಿಂಬಾಗಿಲಿಗೆ ಹೋಗಿ ಮುಖ ತೋರಿಸಬೇಕು. ಮುಖ್ಯ ನಟಿ ರೋವೆನಾ ಕ್ರೇಲ್ ಬಂದಿದ್ದಾಳೆ, ಕನ್ನಡಿಯ ಮುಂದೆ ಕೂತಿದ್ದಾಳೆ, ಜ್ವರವಿಲ್ಲ, ಕೆಮ್ಮಿಲ್ಲ ಎಂದು ಕೇಳಿ ತಿಳಿದುಕೊಳ್ಳಬೇಕು. ಆಮೇಲೆ ಹೊರಗೆ ಬಂದು, ಯಾರಾದರೂ ಕರೆದರೆ ಓಡಿ ಬರುವಷ್ಟು ದೂರದಲ್ಲಿ, ಕೊನೆಯ ಅಂಕ ಶುರುವಾಗುವವರೆಗೂ ಇರಬೇಕು. ಇದು ಕರಾರು. ಆ ಚಳಿಗಾಲವೆಲ್ಲ ನಾನು ನ್ಯೂಯಾರ್ಕಿನ ನಲವತ್ತೈದನೇ ಬೀದಿಯನ್ನೂ ಎಂಟನೇ ಅವೆನ್ಯೂವನ್ನೂ ಗಾಣದೆತ್ತಿನ ಹಾಗೆ ಸುತ್ತಿದೆ. ಕಾಫಿಗೆಂದು ಕೂತರೆ ಎರಡು ಗುಟುಕಿಗೆ ಎದ್ದುಬಿಡುತ್ತಿದ್ದೆ. ಸುತ್ತುವಾಗಲೆಲ್ಲ ಬಾಯಲ್ಲಿ ನಾಟಕದ ನಾಯಕಿ ಮಿಸೆಸ್ ಪೆಲ್‌ಳ ಮಾತು. ಮೂಲೆಯಲ್ಲಿ ನಿಲ್ಲುತ್ತಿದ್ದ ಪೊಲೀಸಿನವನು ನಾನು ಹುಚ್ಚಿಯೋ ಕುಡುಕಿಯೋ ಎಂದು ತೀರ್ಮಾನಿಸಲಾಗದೆ, ಕೊನೆಗೆ ಟೋಪಿ ಮುಟ್ಟಿ ದಾರಿ ಬಿಡತೊಡಗಿದ.

ನನ್ನ ಹೆಸರು ಹೆಟ್ಟಿ ಬ್ರಾನಿಗನ್. ನೀವು ಕೇಳಿರುವುದಿಲ್ಲ. ರೋವೆನಾ ಕ್ರೇಲ್ ಹೆಸರನ್ನು ನಿಮ್ಮ ಅಜ್ಜಿಯೂ ಕೇಳಿರುತ್ತಾಳೆ. ನಾವಿಬ್ಬರೂ ಒಂದೇ ಬೇಸಿಗೆಯಲ್ಲಿ ಮೇನ್ ರಾಜ್ಯದ ಒಂದು ಸಣ್ಣ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಹಳೆಯ ಹುಲ್ಲಿನ ಕೊಟ್ಟಿಗೆಯೇ ನಾಟಕಶಾಲೆ. ವಾರಕ್ಕೊಂದು ನಾಟಕ; ಹಗಲು ಮುಂದಿನ ವಾರದ್ದನ್ನು ಬಾಯಿಪಾಠ ಮಾಡುವುದು, ಸಂಜೆ ಈ ವಾರದ್ದನ್ನು ಆಡುವುದು. ಹೊಳೆಯ ದಂಡೆಯಲ್ಲಿ ಕೂತು ಒಬ್ಬರಿಗೊಬ್ಬರು ಮಾತು ಒಪ್ಪಿಸುತ್ತಿದ್ದೆವು. ನನಗೆ ಎರಡು ಸಲ ಓದಿದರೆ ಸಾಕು, ಬಂದುಬಿಡುತ್ತಿತ್ತು. ಅವಳಿಗೆ ಇಡೀ ಮಧ್ಯಾಹ್ನ ಬೇಕು. ಆಗಸ್ಟಿನಲ್ಲಿ ಸಿನಿಮಾ ಕಂಪನಿಯವನೊಬ್ಬ ಹೊಸ ಮುಖ ಹುಡುಕುತ್ತ ಬಂದ. ನನ್ನ ಅಭಿನಯವನ್ನು ಹೊಗಳಿದ, ಅವಳ ಕೆನ್ನೆಯ ಮೂಳೆಯನ್ನು ಕರೆದುಕೊಂಡು ಹೋದ.

ಹೊಟ್ಟೆಕಿಚ್ಚಾಯಿತೇ ಎಂದು ಕೇಳಬೇಡಿ. ಆಯಿತು. ಕ್ಯಾಲಿಫೋರ್ನಿಯಾದಲ್ಲಿ ಅವಳ ಹಲ್ಲು ಸರಿ ಮಾಡಿದರು, ಹುಬ್ಬು ಕಿತ್ತು ಬೇರೆ ಬರೆದರು, ಅಪ್ಪನ ಮನೆಯ ಹೆಸರು ತೆಗೆದು ಕ್ರೇಲ್ ಎಂದು ಇಟ್ಟರು. ದಾದಿಯಾದಳು, ಸನ್ಯಾಸಿನಿಯಾದಳು, ಬಂದೂಕಿನವನ ಪ್ರೇಯಸಿಯಾದಳು, ಒಂದು ಸಲ ಸ್ಕಾಟ್‌ಲೆಂಡಿನ ರಾಣಿಯೂ ಆದಳು. ಮೂರು ಮದುವೆ ಮಾಡಿಕೊಂಡಳು. ಮನೆ ಎಂಬುದು ಮಾತ್ರ ಒಂದೂ ಆಗಲಿಲ್ಲ. ಅಷ್ಟು ಹೊತ್ತಿಗೆ ನಾನು ಎರಡನೇ ದರ್ಜೆಯ ಕಂಪನಿಗಳ ಜೊತೆ ರೈಲಿನಲ್ಲಿ ಊರೂರು ಅಲೆದು, ಅಲ್ಲಲ್ಲಿ ಅತ್ತೆ, ಅಕ್ಕ, ಅಡುಗೆಯವಳ ಪಾತ್ರ ಆಡಿ, ಚಿತ್ರಮಂದಿರದ ಗೋಡೆಯ ಮೇಲೆ ಅವಳ ಮುಖ ಕಂಡಾಗ ರಸ್ತೆಯ ಆಚೆ ಬದಿಗೆ ದಾಟಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ನಲವತ್ತು ದಾಟಿದ ಮೇಲೆ ಸ್ಟುಡಿಯೋದವರು ಅವಳಿಗೆ ತಾಯಿಯ ಪಾತ್ರ ಕೊಟ್ಟರು. ಮಗನಾದವನು ಅವಳಿಗಿಂತ ಆರೇ ವರ್ಷ ಚಿಕ್ಕವನು. ಮುಂದಿನ ವರ್ಷ ಆ ಕರಾರನ್ನೂ ಮುಂದುವರಿಸಲಿಲ್ಲ. ಅವಳು ಪೆಟ್ಟಿಗೆ ಕಟ್ಟಿಕೊಂಡು ನ್ಯೂಯಾರ್ಕಿಗೆ ಬಂದು ನಾಟಕ ಹಿಡಿದಳು. ಬದಲಿಗೆ ಯಾರು ಎಂಬ ಪ್ರಶ್ನೆ ಎದ್ದಾಗ, ಹೆಟ್ಟಿ ಬ್ರಾನಿಗನ್ ಎಲ್ಲಿದ್ದರೂ ಹುಡುಕಿಸಿ ಎಂದಳಂತೆ. ಎಷ್ಟು ದೊಡ್ಡ ಮನಸ್ಸು ನೋಡಿ ಎಂದು ಕಂಪನಿಯವರೆಲ್ಲ ಕೊಂಡಾಡಿದರು. ನನಗೆ ಆ ದೊಡ್ಡ ಮನಸ್ಸು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಆದರೂ ಒಪ್ಪಿದೆ, ಏಕೆಂದರೆ ನಾಟಕ ಓದಿದ್ದೆ.

ನಾಟಕದ ಹೆಸರು 'ಪೆಲ್ ಮನೆತನ'. ಮಿಸೆಸ್ ಪೆಲ್ ಎಂಬ ವಿಧವೆ, ಅಪ್ಪನ ಆಸ್ತಿ ಭಾಗವಾಗುವ ದಿನ ತವರಿಗೆ ಬರುತ್ತಾಳೆ. ಅಪ್ಪನ ಮಣ್ಣಿಗೆ ಏಕೆ ಬರಲಿಲ್ಲ ಎಂದು ಅವಳ ತಮ್ಮ ಕೊನೆಯ ಅಂಕದಲ್ಲಿ ಕೇಳುತ್ತಾನೆ. ಅವಳು ಹೇಳುತ್ತಾಳೆ: ಬರಬೇಕೆಂದೇ ಹೊರಟೆ. ಸ್ಟೇಷನ್ನಿನವರೆಗೂ ಬಂದೆ. ಟಿಕೆಟ್ಟೂ ಕೊಂಡೆ. ಹಸಿವಾಯಿತು. ಹೋಟೆಲಿನಲ್ಲಿ ಕೂತು ತಿಂದೆ. ರೈಲು ಹೋಯಿತು. ಇಷ್ಟೇ. ಅದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಬೀದಿಗೆ ಹೊರಟುಬಿಟ್ಟೆ. ನನ್ನ ಅಮ್ಮ ಸ್ಕ್ರ್ಯಾಂಟನ್ನಿನಲ್ಲಿ ತೀರಿಕೊಂಡ ತಂತಿ ಬಂದಾಗ ನಾನು ಬೇರೊಂದು ಊರಿನಲ್ಲಿ ಎರಡು ಮೊಟ್ಟೆ ತಿಂದಿದ್ದೆ. ಅಳು ಬರಲಿಲ್ಲ; ಹಸಿವಷ್ಟೇ ಇತ್ತು. ಈ ಪಾತ್ರವನ್ನು ಒಂದು ಸಲ, ಒಂದೇ ಸಲ, ಜನರ ಮುಂದೆ ನಿಂತು ಆಡಿಬಿಡಬೇಕು, ಆಮೇಲೆ ಬಣ್ಣ ತೊಳೆದು ಸ್ಕ್ರ್ಯಾಂಟನ್ನಿಗೆ ಹೋಗಿ ಟೋಪಿ ಅಂಗಡಿಯಲ್ಲಿ ಕೆಲಸ ಮಾಡಿದರೂ ಚಿಂತೆಯಿಲ್ಲ ಎಂದುಕೊಂಡೆ. ಬೀದಿ ಸುತ್ತುತ್ತಿದ್ದುದು ಈ ಆಸೆಯಿಂದ.

ಆಸೆಗೆ ಅಡ್ಡವಾಗಿ ಒಂದು ಹಲಗೆಯಿತ್ತು. ಥಿಯೇಟರಿನ ಮುಂದೆ ದೀಪಗಳಲ್ಲಿ ಬರೆದಿದ್ದ ಹಲಗೆ. ಅದರಲ್ಲಿ ರೋವೆನಾಳ ಹೆಸರು ನಾಟಕದ ಹೆಸರಿಗಿಂತ ಮೇಲಿತ್ತು. ನಮ್ಮಲ್ಲಿ ಇದೊಂದು ಕಟ್ಟಳೆ: ಯಾರ ಹೆಸರು ನಾಟಕದ ಹೆಸರಿಗಿಂತ ಮೇಲಿದೆಯೋ ಅವರು ಬಾರದಿದ್ದರೆ ನೋಡಲು ಬಂದವರು ದುಡ್ಡು ವಾಪಸು ಕೇಳಬಹುದು. ಹೆಸರು ಕೆಳಗಿದ್ದರೆ ಕೇಳುವಂತಿಲ್ಲ. ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ನಾಟಕಕ್ಕೆ ಹಣ ಹಾಕಿದ್ದ ಕಾಪ್, ರೋವೆನಾ ಸತ್ತರೂ ಕುರ್ಚಿಗೆ ಕಟ್ಟಿ ಕೂರಿಸುತ್ತೇನೆ ಎಂದು ತಮಾಷೆ ಮಾಡುತ್ತಿದ್ದ. ತಮಾಷೆ ಅಂತ ನಗುತ್ತಿದ್ದವನು ಅವನೊಬ್ಬನೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಫೆಬ್ರವರಿಯಲ್ಲಿ ಅವಳಿಗೆ ಜ್ವರ ಸುಡುತ್ತಿದ್ದಾಗಲೂ ರಂಗದ ಪಕ್ಕದಲ್ಲಿ ವಾಂತಿಗೆಂದು ಬಕೆಟ್ ಇಟ್ಟು ಆಡಿಸಿದರು. ನಾನು ಬೂಟಿಗೆ ಹೊಸ ಅಟ್ಟೆ ಹಾಕಿಸಿಕೊಂಡು ಮತ್ತೆ ಸುತ್ತಿದೆ.

ಮಾರ್ಚಿನಲ್ಲಿ ಅವಳು ಮಾತು ಮರೆಯತೊಡಗಿದಳು.

ಮೊದಲು ಒಂದೊಂದು ಪದ. ಆಮೇಲೆ ಇಡೀ ವಾಕ್ಯ. ಎದುರು ನಿಂತ ನಟರು ಹೇಗೋ ಎಳೆದು ಹೊಂದಿಸಿಕೊಳ್ಳುತ್ತಿದ್ದರು. ತಮ್ಮನ ಪಾತ್ರದ ಡಂಕನ್ ಆಶ್ ತನ್ನ ಮಾತಿನ ಜೊತೆ ಅವಳದನ್ನೂ ಹೇಳಿ, "ಅಕ್ಕ, ನೀನು ಹೀಗೆ ಹೇಳಬೇಕೂಂತ ಇದ್ದೀಯ, ಅಲ್ವಾ?" ಎಂದು ಸೇರಿಸುತ್ತಿದ್ದ. ಅವಳಿಗೆ ಆಗಿದ್ದೇನೂ ರೋಗವಲ್ಲ. ಸಿನಿಮಾದಲ್ಲಿ ಒಂದು ಮಾತು ಹೇಳು, ನಿಲ್ಲು, ಮುಖಕ್ಕೆ ಪುಡಿ ಹಚ್ಚಿಸಿಕೊ, ಇನ್ನೊಂದು ಮಾತು ಹೇಳು. ಹದಿನೆಂಟು ವರ್ಷ ಹಾಗೆ ಬದುಕಿದವಳು ಎರಡೂವರೆ ಗಂಟೆಯ ಮಾತನ್ನು ಎಲ್ಲಿಂದ ಹೊತ್ತು ತಂದಾಳು? ಮೊದಲ ತಿಂಗಳು ಭಯವೇ ಹೊತ್ತು ತಂದಿತು. ಭಯ ಕಡಿಮೆಯಾದ ಮೇಲೆ ಮಾತೂ ಹೋಯಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಒಳ್ಳೆಯ ಪಾತ್ರ ಬರುವ ಹೊತ್ತಿಗೆ ಅವಳ ನೆನಪು ಸೋರತೊಡಗಿತ್ತು.

ನನ್ನ ದಿನ ಬಂತು ಎಂದುಕೊಂಡೆ. ಕಾಪ್ ನನ್ನನ್ನು ಕರೆಸಿದ. ರಂಗದ ಮೇಲ್ವಿಚಾರಕ ಸೋಲ್ ವೆಕ್ಸ್‌ಲರ್ ಕೂಡ ಅಲ್ಲೇ ನಿಂತಿದ್ದ. ಕಾಪ್ ನನ್ನ ಮುಖ ನೋಡದೆ, ಸೆಟ್ಟಿನ ಅಗ್ಗಿಷ್ಟಿಕೆಯ ಕಡೆ ಕೈ ತೋರಿಸಿದ. ರಂಗದ ಎಡಗಡೆ, ಪೆಲ್ ಮನೆಯ ಹಜಾರದಲ್ಲಿ, ಹಲಗೆಗೆ ಇಟ್ಟಿಗೆಯ ಬಣ್ಣ ಬಳಿದು ಮಾಡಿದ್ದು. ಹಿಂದಿನ ಹಲಗೆ ತೆಗೆದು ಅಲ್ಲೊಂದು ಕುಳ್ಳು ಸ್ಟೂಲ್ ಹಾಕಿಸಿದ್ದರು.

"ನಿನ್ನ ಪಾತ್ರ ಸಿಕ್ತು ಹೆಟ್ಟಿ" ಎಂದ ಸೋಲ್. "ಸ್ವಲ್ಪ ಬಗ್ಗಿ ಕೂರ್ಬೇಕು, ಅಷ್ಟೆ."

ಬಾಯಿಗೆ ಬಂದದ್ದು ಬೈದೆ. ಎಂಟನೇ ಅವೆನ್ಯೂವರೆಗೂ ಹೋಗಿ, ಅಲ್ಲಿಂದ ಹಡ್ಸನ್ ನದಿಯವರೆಗೂ ಹೋಗಿ, ಹಡಗುಗಳನ್ನು ನೋಡಿ ಅವುಗಳಿಗೂ ಬೈದು ವಾಪಸು ಬಂದೆ. ಬಂದು ಅಗ್ಗಿಷ್ಟಿಕೆಯೊಳಗೆ ಕೂತೆ. ಬೇಡವೆಂದರೆ ಇನ್ನೊಬ್ಬಳನ್ನು ಕೂರಿಸುತ್ತಿದ್ದರು. ಆ ಇನ್ನೊಬ್ಬಳು ಬದಲಿಯೂ ಆಗಿಬಿಡುತ್ತಿದ್ದಳು. ಪಾತ್ರದಿಂದ ನಾನು ಅಷ್ಟು ದೂರ ಹೋಗಲಾರೆ.

ಅಲ್ಲಿಂದ ಅವಳ ಪಾದ, ಲಂಗದ ಅಂಚು, ಬಗ್ಗಿದಾಗ ಮೊಣಕೈ ಕಾಣುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಅವಳಿಗೆ ಮಾತು ತಪ್ಪುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಬಲಗಾಲಿನ ಹಿಮ್ಮಡಿ ಒಂದು ಚೂರು ಏಳುತ್ತಿತ್ತು. ಮುಂದಿನ ಮಾತನ್ನು ಪಿಸುಗುಟ್ಟಿ ಕೊಟ್ಟುಬಿಡುತ್ತಿದ್ದೆ. ಒಂದು ವಾರ ಕಳೆಯುವಷ್ಟರಲ್ಲಿ ಅವಳು ಅಷ್ಟಿಷ್ಟು ಉಳಿದಿದ್ದ ಮಾತನ್ನು ನೆನೆಸಿಕೊಳ್ಳುವ ಶ್ರಮವನ್ನೂ ಬಿಟ್ಟಳು. ರಂಗದ ಮೇಲಿನ ಓಡಾಟವನ್ನೆಲ್ಲ ಬದಲಾಯಿಸಿ ಎಡಕ್ಕೇ ಬಂದು ನಿಲ್ಲತೊಡಗಿದಳು. ನಾನು ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಹೇಳುತ್ತಿದ್ದೆ, ಅವಳು ನನ್ನ ಹಿಂದೆ ಅರ್ಧ ಉಸಿರಿನ ಅಂತರದಲ್ಲಿ ಹೇಳುತ್ತಿದ್ದಳು. ಜನಕ್ಕೆ ಆ ಅರ್ಧ ಉಸಿರು ಬಹಳ ಹಿಡಿಸಿತು. ಮಿಸೆಸ್ ಪೆಲ್ ಪ್ರತಿ ಮಾತನ್ನೂ ಯೋಚಿಸಿ ಆಡುತ್ತಾಳೆ ಎಂದುಕೊಂಡರು.

ಏಪ್ರಿಲ್ ಕೊನೆಗೆ ಪತ್ರಿಕೆಯವನೊಬ್ಬ ಎರಡನೇ ಸಲ ನೋಡಲು ಬಂದ. ಮೊದಲು ಬರೆದಾಗ, ಮಿಸ್ ಕ್ರೇಲ್ ಕೊನೆಯ ಮಾತನ್ನು ಕಣ್ಣೀರಿನಲ್ಲಿ ಮುಳುಗಿಸುತ್ತಾರೆ ಎಂದು ಚುಚ್ಚಿದ್ದವನು ಅವನು. ಚುಚ್ಚಿದ್ದು ಸರಿಯಾಗಿಯೇ ಇತ್ತು. ಶುರುವಿನಲ್ಲಿ ಅವಳು 'ಹಸಿವಾಯಿತು' ಎನ್ನುವಾಗ ಬಿಕ್ಕುವುದು ಹಿಂಬಾಗಿಲಿನವರೆಗೂ ಕೇಳುತ್ತಿತ್ತು. ಈಗ ಅವನು ಬರೆದ: ಕಣ್ಣೀರು ಹೋಗಿದೆ, ಆ ಮಾತನ್ನು ಈಕೆ ಉಪ್ಪು ಕೊಡಿ ಎನ್ನುವ ಹಾಗೆ ಹೇಳುತ್ತಾರೆ, ನಮಗೆ ಎದೆ ಒಡೆಯುತ್ತದೆ. ಕಂಪನಿಯವರು ಅದನ್ನು ಕತ್ತರಿಸಿ ಹಿಂಬಾಗಿಲಿಗೆ ಅಂಟಿಸಿದರು. ನಾನು ಓದಿ ಒಳಗೊಳಗೇ ಉರಿದೆ. ಮರೆಗುಳಿಯಾದರೂ ಇವಳಿಗೆ ಕೊನೆಗೆ ಪಾತ್ರ ಸಿಕ್ಕಿಬಿಟ್ಟಿತಲ್ಲ, ನನಗೆ ಹೊಳೆದದ್ದೇ ಇವಳಿಗೂ ಹೊಳೆಯಿತಲ್ಲ ಎಂದು. ನನ್ನ ಮೂಗಿನ ಕೆಳಗೇ ನಡೆಯುತ್ತಿದ್ದುದು ನನಗೆ ಕಾಣಲಿಲ್ಲ. ಅಗ್ಗಿಷ್ಟಿಕೆಯೊಳಗೆ ಕೂತವಳಿಗೆ ಕಾಣುವುದು ಪಾದವಷ್ಟೇ.

ಮೇ ತಿಂಗಳ ಒಂದು ಬುಧವಾರ ಮಧ್ಯಾಹ್ನದ ಆಟ. ಬುಧವಾರ ಮಧ್ಯಾಹ್ನ ಅಂದರೆ ನದಿಯಾಚೆ ನ್ಯೂಜೆರ್ಸಿಯಿಂದ ಬರುವ ಟೋಪಿಯ ಹೆಂಗಸರು, ಮಡಿಲಲ್ಲಿ ಚಾಕೊಲೇಟ್ ಡಬ್ಬಿ. ಮೊದಲ ಅಂಕದಲ್ಲಿ ಮಿಸೆಸ್ ಪೆಲ್ ಒಳಗೆ ಬಂದು ಕೈಗವಸು ತೆಗೆಯುತ್ತ, ಗಡಿಯಾರ ನಿಂತುಹೋಗಿದೆ ಎನ್ನಬೇಕು. ಹಿಮ್ಮಡಿ ಎದ್ದಿತು. ಮಾತು ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಮತ್ತೆ ಕೊಟ್ಟೆ. ಮೂರನೇ ಸಲ ಮುಂದಿನ ಸಾಲಿನವರಿಗೆ ಕೇಳುವಷ್ಟು ಜೋರಾಗಿ ಕೊಟ್ಟೆ, ಯಾರೋ ಕಿಸಕ್ಕೆಂದರು. ಅವಳ ಪಾದಗಳು ನನ್ನ ಕಡೆ ತಿರುಗಿದವು. ನಿಂತವು. ಆಮೇಲೆ, ಅವಸರವೇ ಇಲ್ಲದೆ, ಮನೆ ತನ್ನದೇ ಎನ್ನುವ ಹಾಗೆ, ಬಾಗಿಲು ದಾಟಿ ರಂಗದಿಂದ ಹೊರಟುಹೋದವು.

ಸೋಲ್ ಪರದೆ ಇಳಿಸಿದ. ಮಿಸ್ ಕ್ರೇಲ್‌ಗೆ ಹುಷಾರಿಲ್ಲ, ಪಾತ್ರವನ್ನು ಮಿಸ್ ಹೆಟ್ಟಿ ಬ್ರಾನಿಗನ್ ವಹಿಸುತ್ತಾರೆ ಎಂದು ಹೊರಗೆ ಹೇಳಿದಾಗ, ನಮ್ಮಲ್ಲಿ ಬದಲಿಯವರಿಗೆಲ್ಲ ಗೊತ್ತಿರುವ ಆ ನರಳಿಕೆ ಕೇಳಿಸಿತು. ಇಡೀ ಸಭೆ ಒಟ್ಟಿಗೆ ಹೊಟ್ಟೆನೋವಿನಿಂದ ನರಳಿದ ಹಾಗೆ. ಕುರ್ಚಿಗಳು ಪಟಪಟ ಮಡಿಚಿಕೊಂಡವು. ನನ್ನ ಮೊಣಕಾಲಿಗೆ ಧೂಳು ಮೆತ್ತಿತ್ತು. ಒಬ್ಬಳು ಒರೆಸಿದಳು, ಇನ್ನೊಬ್ಬಳು ಬೆನ್ನಿಗೆ ಪಿನ್ನು ಚುಚ್ಚಿದಳು. ಟಿಕೆಟ್ ಕಿಟಕಿಯ ಮುಂದೆ ಸಾಲು ಬೀದಿಯವರೆಗೂ ಬೆಳೆದಿತ್ತಂತೆ. ಅರ್ಧ ಸಭೆ ಉಳಿಯಿತು. ನನಗೆ ಅರ್ಧವೇ ಸಾಕಾಗಿತ್ತು.

ಆಡಿದೆ. ಹೇಗೆ ಆಡಿದೆನೆಂದು ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುತ್ತೇನೆ: ಚೆನ್ನಾಗಿ ಆಡಿದೆ. ಬೀದಿಯಲ್ಲಿ ಸುತ್ತಿದ್ದೆಲ್ಲ ಕಾಲಿನಿಂದ ಎದೆಗೆ ಬಂತು. ಕೊನೆಯ ಅಂಕದಲ್ಲಿ ಟಿಕೆಟ್ಟೂ ಕೊಂಡೆ ಎಂದು ನಿಲ್ಲಿಸಿ, ಅರ್ಧ ಉಸಿರು ಬಿಟ್ಟು, 'ಹಸಿವಾಯಿತು' ಎಂದೆ. ಚಾಕೊಲೇಟ್ ಕಾಗದದ ಸದ್ದು ನಿಂತುಹೋಯಿತು. ಆ ಮೌನ ನನ್ನದು. ಇಪ್ಪತ್ತು ವರ್ಷ ಅಡುಗೆಯವಳ ಪಾತ್ರ ಆಡಿದ್ದಕ್ಕೆ ಸಿಕ್ಕ ಕೂಲಿ ಅದು, ಬೇರೆ ಯಾರ ಹಂಗೂ ಅದರಲ್ಲಿಲ್ಲ ಎಂದು ಅಲ್ಲೇ ನಿಂತು ಖುಷಿಪಟ್ಟೆ.

ಪರದೆ ಇಳಿದ ಮೇಲೆ ಡಂಕನ್ ಬಂದು ತಬ್ಬಿಕೊಂಡ. ಕಣ್ಣಲ್ಲಿ ನೀರಿತ್ತು, ಅವನು ಸುಳ್ಳು ಹೇಳುವ ಮನುಷ್ಯನಲ್ಲ.

"ಅಬ್ಬ, ಹೆಟ್ಟಿ" ಎಂದ. "ಕಣ್ಣು ಮುಚ್ಕೊಂಡ್ರೆ ರೋವೆನಾನೇ. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ."

ಉಳಿದವರೂ ಅದನ್ನೇ ಹೇಳಿದರು, ಒಬ್ಬೊಬ್ಬರಾಗಿ, ಪ್ರೀತಿಯಿಂದ. ಉಸಿರೂ ಅದೇ, ನಿಲ್ಲಿಸುವ ಜಾಗವೂ ಅದೇ. ಬದಲಿಯವಳಿಗೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಷ್ಟು ತಿಂಗಳು ಅವಳ ಹಿಮ್ಮಡಿ ನೋಡಿಕೊಂಡು ಕೂತು ಅವಳೇ ಆಗಿಬಿಟ್ಟೆನೇ? ಒಂದೇ ಸಲ ಸಿಕ್ಕಿದ್ದನ್ನೂ ಅವಳ ನೆರಳಾಗಿ ಕಳೆದುಕೊಂಡೆನೇ? ಬಣ್ಣ ತೊಳೆಯದೆ ಅವಳ ಕೋಣೆಗೆ ನುಗ್ಗಿದೆ.

ರೋವೆನಾ ಕನ್ನಡಿಗೆ ಬೆನ್ನು ಹಾಕಿ ಕೂತು ಕಾಗದದ ಲೋಟದಲ್ಲಿ ವಿಸ್ಕಿ ಕುಡಿಯುತ್ತಿದ್ದಳು. ಬೂಟು ಬಿಚ್ಚಿದ್ದಳು. ಅಷ್ಟು ದಿನ ದಿಟ್ಟಿಸಿದ ಆ ಪಾದಗಳು ಬೂಟಿಲ್ಲದೆ ನೋಡಲು ಸಣ್ಣವಾಗಿದ್ದವು. ಡಂಕನ್ ಹೇಳಿದ್ದನ್ನು ಹೇಳಿದೆ. ನಿನ್ನಿಂದ ನನ್ನ ಪಾತ್ರ ಕೆಟ್ಟಿತು ಎಂದೂ ಹೇಳಿದೆ. ಅವಳು ನಗಲಿಲ್ಲ.

"ನೀನು ಯಾವತ್ತೂ ಎದುರಿಗೆ ಕೂತು ನೋಡ್ಲಿಲ್ಲ, ಅದೇ ತೊಂದ್ರೆ ಆಗಿರೋದು" ಎಂದಳು. "ಆ ಮಾತು ಹೇಗೆ ಹೇಳ್ಬೇಕೂಂತ ನಂಗೆಲ್ಲಿ ಗೊತ್ತಿತ್ತು, ಹೆಟ್ಟಿ? ನಾನು ಅಳ್ತಿದ್ದೆ. ನೀನು ಒಲೆಯೊಳಗಿಂದ ಹೇಳ್ದೆ. ನೀನು ಹೇಳಿದ ಹಾಗೇ ಹೇಳ್ದೆ. ಮಾತೊಂದನ್ನೇ ತಗೊಂಡು ರಾಗ ಬಿಡೋಕಾಗುತ್ತಾ? ಎಲ್ಲ ನಿಂದೇ. ನಾನು ಮಾಡ್ತಿರೋದೇ ನಿನ್ನನ್ನ."

ನಾನು ನಿಂತೇ ಇದ್ದೆ. ಕೂರು ಎಂದಳು, ಕೂರಲಿಲ್ಲ. ಇದನ್ನು ಕೇಳಿ ಸಂತೋಷವಾಗಬೇಕಿತ್ತೇನೋ. ಆಗಲಿಲ್ಲ. ಕಳ್ಳ ಸಿಕ್ಕಿಬಿದ್ದು ಒಪ್ಪಿಕೊಂಡರೂ ಮಾಲು ಅವನ ಹೆಸರಿನಲ್ಲೇ ಮಾರಾಟವಾಗಿರುತ್ತದಲ್ಲ, ಹಾಗಿತ್ತು.

"ಎಲ್ಲರಿಗೂ ಹೇಳು ಹಾಗಾದ್ರೆ" ಎಂದೆ.

"ಹೇಳ್ತೀನಿ. ನಂಬೋರು ಯಾರು? ದೊಡ್ಡ ಮನಸ್ಸು ಅಂತಾರೆ. ಇನ್ನೂ ನಾಲ್ಕು ಹೂವಿನ ಬುಟ್ಟಿ ನಂಗೇ ಬರುತ್ತೆ."

ನಿಜವೇ. ಅವಳು ಹೇಳಿಯೂ ಹೇಳಿದಳು, ಕಾಪ್‌ಗೆ, ಸೋಲ್‌ಗೆ, ಒಬ್ಬ ಪತ್ರಿಕೆಯವನಿಗೂ. ಪತ್ರಿಕೆಯವನು ಬರೆದದ್ದು ರೋವೆನಾ ಕ್ರೇಲ್‌ರ ವಿನಯದ ಬಗ್ಗೆ. ಅವಳು ಮತ್ತೆ ರಂಗದ ಮೇಲೆ, ನಾನು ಮತ್ತೆ ಅಗ್ಗಿಷ್ಟಿಕೆಯೊಳಗೆ.

ಆ ಬೇಸಿಗೆಯಲ್ಲಿ ನಾಟಕವನ್ನು ಸಿನಿಮಾ ಕಂಪನಿಯವರು ಕೊಂಡರು. ಉಪ್ಪು ಕೊಡಿ ಎನ್ನುವ ಹಾಗೆ ಹೇಳುವ ಮಿಸೆಸ್ ಪೆಲ್ ಅವರಿಗೆ ಬೇಕಾಗಿತ್ತು. ಅವಳನ್ನು ಕೈಬಿಟ್ಟಿದ್ದ ಊರೇ ಅವಳನ್ನು ವಾಪಸು ಕರೆಯಿತು. ರೋವೆನಾ ನನ್ನನ್ನೂ ಬಾ ಎಂದಳು. ಕ್ಯಾಮೆರಾದ ಪಕ್ಕದಲ್ಲಿ ಕುರ್ಚಿ, ಒಳ್ಳೆಯ ಸಂಬಳ, ಕಿತ್ತಳೆ ಮರದ ನೆರಳು. ಅವಳ ಹೋಟೆಲ್ ಕೋಣೆಯಲ್ಲಿ ಪೆಟ್ಟಿಗೆಗಳು ವರ್ಷದ ಹಿಂದೆ ಇಳಿಸಿದ ಹಾಗೇ, ಹಗ್ಗವನ್ನೂ ಬಿಚ್ಚದೆ, ಗೋಡೆಗೆ ಒರಗಿದ್ದವು. ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದು ನಾನೊಬ್ಬಳೇ ಅಲ್ಲ ಎಂದು ಆಗ ಕಂಡಿತು.

"ನೀನಿಲ್ದೆ ನಂಗಾಗಲ್ಲ, ಹೆಟ್" ಎಂದಳು. ಹೆಟ್ ಎಂದು ಕರೆದದ್ದು ಮೇನ್‌ನ ಹೊಳೆದಂಡೆಯ ನಂತರ ಅದೇ ಮೊದಲು.

"ಸಿನಿಮಾದಲ್ಲಿ ಒಂದೊಂದೇ ಮಾತು ತಾನೆ? ಅಷ್ಟು ನಿಂಗೆ ಬರುತ್ತೆ."

"ಮಾತು ಬರುತ್ತೆ. ರಾಗ?"

ಕನಿಕರ ಹುಟ್ಟಿತು. ನಿಜವಾಗಿ ಹುಟ್ಟಿತು. ಆದರೂ ಆಗುವುದಿಲ್ಲ ಎಂದೆ. ಕಾಪ್ ನಾಟಕವನ್ನು ಅಗ್ಗದ ಟಿಕೆಟ್ಟಿನಲ್ಲಿ ಊರೂರಿಗೆ ಕಳಿಸುವವನಿದ್ದ. ಹಲಗೆಯ ಮೇಲೆ ಯಾರ ಹೆಸರೂ ನಾಟಕದ ಹೆಸರಿಗಿಂತ ಮೇಲಿರುವುದಿಲ್ಲ. ಮಿಸೆಸ್ ಪೆಲ್ ನಾನೇ. ಒಂದು ಸಲ ಸಾಕು ಎಂದಿದ್ದವಳಿಗೆ ಈಗ ಸಾಕಾಗಿರಲಿಲ್ಲ. ಪಾತ್ರವನ್ನು ಅವಳಿಂದ ಬಿಡಿಸಿಕೊಂಡು ನನ್ನದು ಮಾಡಿಕೊಳ್ಳಬೇಕಿತ್ತು.

ಆ ವರ್ಷವನ್ನು ನೆನೆದರೆ ಈಗಲೂ ಕಾಲು ನೋಯುತ್ತದೆ. ಬಸ್ಸಿನಲ್ಲಿ ಮಲಗಿ, ಬಸ್ಸಿನಲ್ಲಿ ಎದ್ದು, ಪ್ರತಿ ಊರಿನಲ್ಲೂ ಆ ಒಂದು ಮಾತನ್ನು ಬೇರೆ ಥರ ಹೇಳಿದೆ. ಪಿಟ್ಸ್‌ಬರ್ಗಿನಲ್ಲಿ ಅಳುತ್ತ ಹೇಳಿದೆ. ವೀಲಿಂಗ್‌ನಲ್ಲಿ ನಕ್ಕೆ. ಕೊಲಂಬಸ್ಸಿನಲ್ಲಿ ತಮ್ಮನ ಮೇಲೆ ರೇಗಿ ಹೇಳಿದೆ. ಡಂಕನ್ ಬೆಚ್ಚಿ ತನ್ನ ಮಾತನ್ನೇ ಮರೆತ. ಅರ್ಧ ಉಸಿರನ್ನು ತೆಗೆದು ಹಾಕಿದೆ, ಎರಡು ಉಸಿರು ಸೇರಿಸಿದೆ. ಯಾವುದೂ ಕೂರಲಿಲ್ಲ. ಹೇಳಿದ ಕೂಡಲೇ ಸುಳ್ಳು ಎಂದು ನನಗೇ ಗೊತ್ತಾಗುತ್ತಿತ್ತು, ಜನರ ಕೆಮ್ಮು ಅದನ್ನು ಖಾತ್ರಿ ಮಾಡುತ್ತಿತ್ತು. ನಿಜವಾದದ್ದು ಒಂದೇ ಇತ್ತು. ಆ ಒಂದರ ಮೇಲೆ ಅವಳ ಹೆಸರಿತ್ತು. ನಮ್ಮ ಜೊತೆಗೇ ಹೊರಟಿದ್ದ ಸೋಲ್ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು, ಮೊದಲಿನ ಹಾಗೇ ಹೇಳಬಾರದೇ ಎಂದು ಮೆಲ್ಲಗೆ ಕೇಳಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು, ಇನ್ನೂ ಜೋಳದ ಹೊಲಗಳು ಬರುತ್ತಿದ್ದವು.

ಟೊಲೀಡೊ ತಲುಪಿದಾಗ, ನಾವು ಆಡುವ ಥಿಯೇಟರಿನ ಎದುರಿನ ಚಿತ್ರಮಂದಿರದಲ್ಲಿ ಸಿನಿಮಾ ಬಂದು ಕೂತಿತ್ತು. ಗೋಡೆಯ ಮೇಲೆ ಅವಳ ಮುಖ, ಎರಡು ಮಹಡಿ ಎತ್ತರ. ಕಾಪ್‌ನನ್ನು ಎಲ್ಲರೂ ಬೈದರು. ದುಡ್ಡು ಎರಡೂ ಕಡೆಯಿಂದ ಬರುವವನಿಗೆ ಏನು? ನಾನು ಅಭ್ಯಾಸದಂತೆ ರಸ್ತೆಯ ಆಚೆ ಬದಿಗೆ ದಾಟಿದೆ. ಆಚೆ ಬದಿಯಲ್ಲಿ ನಮ್ಮದೇ ಥಿಯೇಟರಿತ್ತು. ಕೋಣೆಯಲ್ಲಿ ಕೂರಲಾಗಲಿಲ್ಲ. ಊರು ಒಂದು ಸುತ್ತು ಹಾಕಿದೆ, ಗಾಜಿನ ಕಾರ್ಖಾನೆಯವರೆಗೂ ಹೋಗಿ ಬಂದೆ. ಮಧ್ಯಾಹ್ನ ಎರಡಕ್ಕೆ ಟಿಕೆಟ್ ಕೊಂಡು ಒಳಗೆ ಹೋಗಿ ಕತ್ತಲಲ್ಲಿ ಕೂತೆ. ಅವಳು ಅಳಲಿ, ಆ ಮಾತನ್ನು ಕೆಡಿಸಲಿ, ನನ್ನದು ನನಗೆ ವಾಪಸು ಬರಲಿ ಎಂಬುದೊಂದೇ ಬೇಡಿಕೆ.

ಮೊದಲ ಸಲ ಅವಳ ಮುಖ ನೋಡಿದೆ. ಅದೇ ಪಾತ್ರದಲ್ಲಿ ಅಷ್ಟು ತಿಂಗಳು ಹತ್ತಿರ ಕೂತಿದ್ದೆ, ಮುಖ ನೋಡಿರಲಿಲ್ಲ. ವಯಸ್ಸಾಗಿತ್ತು, ಅದನ್ನು ಮುಚ್ಚಿರಲಿಲ್ಲ. ಹಜಾರದ ದೃಶ್ಯವನ್ನು ಸಿನಿಮಾದವರು ತೋಟಕ್ಕೆ ಒಯ್ದಿದ್ದರು. ಅಗ್ಗಿಷ್ಟಿಕೆಯಿಲ್ಲ, ಒಂದು ಕಲ್ಲುಬೆಂಚು, ಅದರ ಎಡಕ್ಕೆ ಗುಲಾಬಿ ಪೊದೆ. ತಮ್ಮ ಕೇಳಿದ. ಅವಳು ಹೇಳತೊಡಗಿದಳು: ಬರಬೇಕೆಂದೇ ಹೊರಟೆ. ಸ್ಟೇಷನ್ನಿನವರೆಗೂ ಬಂದೆ. ಟಿಕೆಟ್ಟೂ ಕೊಂಡೆ.

ನಿಲ್ಲಿಸಿದಳು. ತಲೆಯನ್ನು ಒಂದು ಚೂರು ಎಡಕ್ಕೆ ವಾಲಿಸಿ, ಆ ಪೊದೆಯ ಕಡೆಗೆ ಕಿವಿ ಕೊಟ್ಟಳು. ಅಲ್ಲಿ ಯಾರೂ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಷ್ಟು ಜನರ ನಡುವೆ, ಅಷ್ಟು ದೀಪಗಳ ಕೆಳಗೆ, ಅವಳು ನನಗಾಗಿ ಕಾಯುತ್ತಿದ್ದಳು.

"ಹಸಿವಾಯಿತು" ಎಂದೆ. ತಾನಾಗಿ ಬಂತು, ಪಿಸುಮಾತಿನಲ್ಲಿ, ಉಪ್ಪು ಕೇಳುವ ಹಾಗೆ.

"ಹಸಿವಾಯಿತು" ಎಂದಳು ರೋವೆನಾ.

ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು. "ಸ್ವಲ್ಪ ಸುಮ್ನಿರ್ತೀರಾ? ಆಕೆ ಹೇಳೋದು ಕೇಳ್ಬೇಕು ನಮಗೆ."

"ಅದು ನನ್ನ ಮಾತು ಕಣಮ್ಮ."

"ನಿಮ್ದಾದ್ರೆ ನಿಮ್ಮನೇಲಿ ಹೇಳ್ಕೊಳ್ಳಿ."

ಅತ್ತುಬಿಟ್ಟೆ. ಸಿಟ್ಟಿಗಲ್ಲ. ಬೇಡಿಕೊಂಡದ್ದು ನಡೆದಿರಲಿಲ್ಲ, ಅವಳು ಕೆಡಿಸಿರಲಿಲ್ಲ. ನಾನಿಲ್ಲದ ಕಡೆಯೂ ನನ್ನನ್ನು ಕೇಳಿಸಿಕೊಂಡು, ಒಂದು ಕೂದಲೆಳೆ ಕೂಡ ತಪ್ಪದೆ, ಎರಡು ಮೊಟ್ಟೆ ತಿಂದ ನನ್ನ ಬೆಳಗನ್ನು ಎರಡು ಮಹಡಿ ಎತ್ತರದಲ್ಲಿ ಇಟ್ಟಿದ್ದಳು. ಮುಂದಿನ ಸಾಲಿನವಳೂ ಅಳುತ್ತಿದ್ದಳು, ಕರವಸ್ತ್ರ ತರದೆ ಕೈಗವಸಿನಲ್ಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ನನ್ನದನ್ನು ಕೊಟ್ಟೆ. ಅನುಮಾನಿಸುತ್ತಲೇ ತೆಗೆದುಕೊಂಡಳು.

ಆ ಸಂಜೆ ಟೊಲೀಡೊದಲ್ಲಿ ಬೇರೆ ಥರ ಹೇಳುವ ಹಟ ಬಿಟ್ಟೆ. ಟಿಕೆಟ್ಟೂ ಕೊಂಡೆ ಎಂದು ನಿಲ್ಲಿಸಿ, ಅರ್ಧ ಉಸಿರು ಬಿಟ್ಟು, ನನಗೆ ಬರುವ ಹಾಗೆ ಹೇಳಿದೆ. ಕೆಮ್ಮು ನಿಂತಿತು. ಆ ಮೌನದಲ್ಲಿ ಮೊದಲ ಸಾಲಿನ ಮುದುಕನೊಬ್ಬ ಹೆಂಡತಿಯ ಕಿವಿಗೆ, "ಸಿನಿಮಾದವಳನ್ನ ನೋಡಿ ಕಲ್ತಿದಾಳೆ" ಎಂದದ್ದು ನನಗೂ ಕೇಳಿಸಿತು, ಡಂಕನ್‌ಗೂ ಕೇಳಿಸಿತು. ಡಂಕನ್ ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಅವನನ್ನೇ ನೋಡುತ್ತ, ಹೋಟೆಲಿನಲ್ಲಿ ಕೂತು ತಿಂದೆ ಎಂದೆ.